ಇದು ಅದಕ್ಕೆ ಏನಾಗ್ಬೇಕು?

ಶೇಷಾದ್ರಿಪುರಂನ ನಮ್ಮ ಆಫೀಸಿನಲ್ಲಿ ಆಕೆ ಡೇಟಾ ಇಂಜಿನಿಯರ್. ಮನೆಯಲ್ಲಿ ಉಳಿದ ಹಳೆಯ ಲಗ್ನಪತ್ರಿಕೆಗಳನ್ನು ತರುತ್ತಿದ್ದರು. ಕೀಬೋರ್ಡ್ ಮುಟ್ಟುವ ಮೊದಲು ಅವುಗಳ ಹಿಂದೆ ಪೆನ್ಸಿಲಿನಲ್ಲಿ ಎರಡು ಚುಕ್ಕಿ ಇಟ್ಟು, ನಡುವೆ ಗೆರೆ ಎಳೆದು ಕೇಳುತ್ತಿದ್ದರು: "ಇದು ಅದಕ್ಕೆ ಏನಾಗ್ಬೇಕು?"

ವಿಮೆ ಮಾಡಿಸಿದ ಕುಟುಂಬಗಳ ವಿವರ ಎಲ್ಲ ಮಾಹಿತಿಯನ್ನೂ ಸುರಿದಿಡುವ ನಮ್ಮ ಡೇಟಾ ಲೇಕ್‌ನಲ್ಲಿ ಹತ್ತಾರು ಟೇಬಲ್‌ಗಳಾಗಿ ಬಿದ್ದಿತ್ತು. ಒಂದನ್ನೂ ಕದಲಿಸದೆ, ಅವುಗಳ ಮೇಲೆ ಇಂಥದೇ ಚುಕ್ಕಿ-ಗೆರೆಗಳ ಗ್ರಾಫ್ ಪದರವೊಂದನ್ನು ಹಾಸಿ, ಯಾರು ಯಾರಿಗೆ ಸಂಬಂಧ ಎಂದು ಕೇಳಿದರೆ ಉತ್ತರ ಬರುವಂತೆ ಮಾಡುವುದು ಆಕೆಯ ಕೆಲಸ. ಪರೀಕ್ಷಿಸಿ ನೋಡುವುದು ನನ್ನದು.

ಪರೀಕ್ಷೆಯ ಮೊದಲ ದಿನವೇ ತೆರೆಯ ಮೇಲೆ ಒಬ್ಬ ಹೆಂಗಸಿನಿಂದ ಒಬ್ಬನೇ ಗಂಡಸಿಗೆ ಎರಡು ಗೆರೆ ಬಂದವು. ಎರಡರ ಮೇಲೂ ‘ಮಾವ’ ಎಂದೇ ಬರೆದಿತ್ತು.

"ಡೂಪ್ಲಿಕೇಟ್ ಮೇಡಂ. ಒಂದನ್ನ ಅಳಿಸ್ಬಿಡ್ತೀನಿ," ಎಂದೆ.

"ಯಾವುದನ್ನ?" ಆಕೆ ಪೆನ್ಸಿಲ್ ಕೆಳಗಿಟ್ಟರು. "ಒಂದು ಅವಳ ತಾಯಿ ಟೇಬಲ್‌ನಿಂದ ಬಂದಿದೆ, ಇನ್ನೊಂದು ಗಂಡನ ಟೇಬಲ್‌ನಿಂದ. ಒಂದು ಅಳಿಸಿದ್ರೆ ತವರು ಹೋಗತ್ತೆ, ಇನ್ನೊಂದು ಅಳಿಸಿದ್ರೆ ಅತ್ತೆಮನೆ ಹೋಗತ್ತೆ."

ತಲೆಯಾಡಿಸಿದೆ, ಆದರೆ ಅನುಮಾನ ಹೋಗಲಿಲ್ಲ.

ಸಂಜೆ ಗೇಟಿನ ಬಳಿ ವಯಸ್ಸಾದವರೊಬ್ಬರು ಎಂದಿನಂತೆ ಸ್ಕೂಟರ್ ನಿಲ್ಲಿಸಿಕೊಂಡು ಆಕೆಗಾಗಿ ಕಾಯುತ್ತಿದ್ದರು.

"ನಮ್ಮ ಮಾವ," ಎಂದು ಆಕೆ ಪರಿಚಯಿಸಿದರು.

ನಾನು ಹಿರಿಯರನ್ನೇ ಕೇಳಿದೆ: "ಮೇಡಂ ನಿಮಗೆ ಏನಾಗ್ಬೇಕು ಸಾರ್?"

"ನಮ್ಮಕ್ಕನ ಮಗಳು," ಎಂದರು. ಹೆಲ್ಮೆಟ್ಟನ್ನು ಆಕೆಯ ಕೈಗೆ ಕೊಡುತ್ತಾ ಸೇರಿಸಿದರು: "ಸೊಸೆಯೂ ಇವಳೇ."