ಬೇವು ಹಚ್ಚಲು ಬಂದ ಸಿಸ್ಟರ್

ಆಗೆಲ್ಲ ಬೇಸಿಗೆಯ ಭೀಮೆ ಎಂದರೆ ನಮಗೆ ನೀರಲ್ಲ, ಉಸುಕು. ಕರಜಗಿ ಕಡೆಯ ನಮ್ಮೂರಿನಲ್ಲಿ ದೀಪಾವಳಿ ದಾಟಿತೆಂದರೆ ಹೊಳೆ ಸೊರಗಿ ಒಂದು ಬದಿಗೆ ಸರಿಯುತ್ತಿತ್ತು. ಉಳಿದ ಉಸುಕಿನಲ್ಲಿ ನನ್ನ ಅಜ್ಜಿ, ನಾವು ಆಯಿ ಎಂದು ಕರೆಯುತ್ತಿದ್ದವಳು, ಕುಣಿ ತೋಡಿ, ಆಡಿನ ಹಿಕ್ಕೆ ತುಂಬಿ ಕಲ್ಲಂಗಡಿ ಬೀಜ ಊರುತ್ತಿದ್ದಳು. ಶಾಲೆಗೆ ಸೂಟಿ ಬಿಡುವ ಹೊತ್ತಿಗೆ ಹಣ್ಣು. ನಾವು ಹುಡುಗಿಯರು ಕೈಯಿಂದಲೇ ಒರತೆ ತೋಡಿ, ಯಾರ ಒರತೆಯ ನೀರು ಮೊದಲು ತಿಳಿಯಾಗುತ್ತದೆ ಎಂದು ಪಂದ್ಯ ಕಟ್ಟುತ್ತಿದ್ದೆವು. ರೊಟ್ಟಿ, ಶೇಂಗಾ ಹಿಂಡಿ ತಿಂದು ಅದೇ ನೀರು ಕುಡಿಯುತ್ತಿದ್ದೆವು. ಬಿಸಿಲಿಗೆ ಕಾದ ಬಳ್ಳಿಯ ಹಸಿ ವಾಸನೆ ನೆನಪಾದರೆ ಈಗಲೂ ನನಗೆ ಹಸಿವಾಗುತ್ತದೆ.

ಆ ಉಸುಕಿಗೆ ಪಹಣಿ ಇರಲಿಲ್ಲ. ಆಯಿಯ ಅತ್ತೆ ಅಲ್ಲಿ ಬೀಜ ಊರಿದ್ದಳು, ಆಮೇಲೆ ಆಯಿ ಊರಿದಳು, ಅಷ್ಟೇ ಹಕ್ಕು. ಹಾಗಾಗಿ ಹೊಳೆಯತ್ತ ಯಾರು ಸುಳಿದರೂ ಆಕೆಗೆ ಅನುಮಾನ. ಘತ್ತರಗಿ ಭಾಗ್ಯವಂತಿಗೆ ನಡೆದು ಹೋಗುವ ಭಕ್ತರನ್ನೂ ಹಣ್ಣಿನ ಕಳ್ಳರೆಂದೇ ನೋಡುತ್ತಿದ್ದಳು.

ಆ ವರ್ಷ ಊರಿಗೆ ಸಿಸ್ಟರ್ ಲಿಲ್ಲಿ ಬಂದರು. ಕರಾವಳಿ ಕಡೆಯ ಕಥೋಲಿಕ ಸನ್ಯಾಸಿನಿ. ಬಾಡಿಗೆ ಮನೆ ಹಿಡಿದು ಸಂಜೆ ಮಕ್ಕಳಿಗೆ ಪಾಠ ಹೇಳುತ್ತಿದ್ದರು, ಅದೂ ಪುಕ್ಕಟೆ. ಪುಕ್ಕಟೆ ಎಂದ ಕೂಡಲೇ ಆಯಿಯ ಕಿವಿ ನೆಟ್ಟಗಾದವು. ನನ್ನನ್ನು ಪಾಠಕ್ಕೆ ಕಳಿಸಿದ್ದು ಕಲಿಯಲಿ ಎಂದಲ್ಲ, ಸುದ್ದಿ ತರಲಿ ಎಂದು. ತಿರುಗಿ ಬಂದರೆ ಜೋಳ ಹಸನು ಮಾಡುತ್ತ ವಿಚಾರಣೆ ಶುರು: ಏನು ತಿನ್ನಿಸಿದಳು, ಏನು ಓದಿಸಿದಳು, ಹಣೆಗೆ ನೀರು ಹಚ್ಚಿದಳೇನು? ನೀರೂ ಇಲ್ಲ, ಏನೂ ಇಲ್ಲ. ಗಣಿತ ಮುಗಿದ ಮೇಲೆ ಸಿಸ್ಟರ್ ಭೂಮಿಯ ಮಾತು ಆಡುತ್ತಿದ್ದರು. ಭೂಮಿ ದೇವರದು, ನಾವು ಕಾಯುವವರು ಮಾತ್ರ. ಅದನ್ನು ಕೆಡಿಸುವುದೂ ಪಾಪವೇ, ಆ ಪಾಪದ ಪೆಟ್ಟು ಮೊದಲು ಬೀಳುವುದು ಬಡವರಿಗೆ. ಭೂಮಿ ಎಲ್ಲರ ಮನೆ ಎಂದು ತಮ್ಮ ಪೋಪರೂ ಹೇಳಿದ್ದಾರೆ ಎನ್ನುತ್ತಿದ್ದರು. ನಾನು ಬಂದು ಹಾಗೆಯೇ ಒಪ್ಪಿಸಿದೆ. ಆಯಿ ಮೊರ ಕೆಳಗಿಟ್ಟಳು.

"ಎಲ್ಲಾರ ಮನಿ ಅಂದ್ರ ಆಕೀದೂ ಅಂದಂಗಾತಲ್ಲ?"

ಸ್ವಲ್ಪ ದಿನಕ್ಕೇ ಸಿಸ್ಟರ್ ನಮ್ಮ ಕೈಯಿಂದ ಹೊಳೆದಂಡೆಯ ಮೇಲೆ ಸಾಲಾಗಿ ಬೇವಿನ ಸಸಿ ಹಚ್ಚಿಸಿದರು, ಸರಿಯಾಗಿ ಆಯಿಯ ಬಳ್ಳಿಗಳ ಮೇಲ್ಗಡೆ. ದಂಡೆ ಕುಸಿಯಬಾರದು, ಉಸುಕು ಹೊರುವ ಟ್ರ್ಯಾಕ್ಟರಿಗೆ ಇಳಿಯಲು ದಾರಿ ಸಿಗಬಾರದು ಎಂಬುದು ಅವರ ವಿಚಾರ. ಪಾಪ, ನಮ್ಮ ಕಡೆಯ ರೂಢಿ ಅವರಿಗೆ ಗೊತ್ತಿರಲಿಲ್ಲ. ಬದುವಿನ ಜಗಳ ಬಂದರೆ ನಮ್ಮ ಹಿರಿಯರು ಮೊದಲು ಕೇಳುವುದು, ಬದುವಿನ ಮೇಲಿನ ಬೇವು ಹಚ್ಚಿದವರು ಯಾರು ಎಂದು. ಗಿಡ ಯಾರದೋ ನೆಲ ಅವರದು. ಸಾಲಾಗಿ ಬೇವು ಹಚ್ಚಿದರೆ ಕಬ್ಜಾ ಮಾಡಿದ ಹಾಗೆಯೇ.

ಟ್ರ್ಯಾಕ್ಟರಿನ ಮಾಲೀಕ ಊರವನೇ. ಬಂದಾಗಲೆಲ್ಲ ಆಯಿಯ ಕ್ಷೇಮ ಕೇಳಿ, ಹಣ್ಣು ಒಡೆಸಿಕೊಂಡು ತಿಂದು ಹೋಗುವವನು. ಅಂದೂ ಬೀಜ ಉಗುಳುತ್ತ ಹೇಳಿದ: "ಈಗ ಗಿಡ, ಆಮ್ಯಾಲ ತಂತಿ ಬೇಲಿ, ಆಮ್ಯಾಲ ಚರ್ಚು. ಹೇಳೋದು ಹೇಳೇನಿ, ಮುಂದ ನಿನ್ನ ಇಚ್ಛಾ ಆಯಿ."

ಮರುದಿನ ಬೆಳಿಗ್ಗೆ ಆಯಿ ಸೆರಗು ಕಟ್ಟಿ ಅಷ್ಟೂ ಸಸಿ ಕಿತ್ತು ಹಾಕಿದಳು. ನಾನು ಹಚ್ಚಿದ್ದನ್ನೂ ಬಿಡಲಿಲ್ಲ. ನನಗೆ ಅಳು ಬಂದಿತ್ತು. ಅಷ್ಟರಲ್ಲಿ ಸಿಸ್ಟರ್ ಬಂದರು.

"ಇಲ್ಲಿ ನಿನಗೇನ್ ಬೇಕಾಗ್ಯದ, ಖರೇ ಹೇಳವ್ವ," ಎಂದಳು ಆಯಿ.

"ನನಗೇನೂ ಬೇಡ ಅಜ್ಜಿ. ಮರಳು ಹೋದರೆ ನಿಮ್ಮ ಬಳ್ಳಿಗೆ ನೀರಿರುವುದಿಲ್ಲ."

"ಏನೂ ಬ್ಯಾಡ ಅನ್ನೋರೇ ಎಲ್ಲಾ ಒಯ್ತಾರ."

ಸಿಸ್ಟರ್ ಬೇರು ಒಣಗದ ಸಸಿಗಳನ್ನು ಆರಿಸಿಕೊಂಡು ಹೋದರು. ಮಳೆಗಾಲದ ಮೊದಲೇ ಅವರಿಗೆ ಬೇರೆ ಊರಿಗೆ ವರ್ಗವಾಯಿತು. ಗೆದ್ದೆನೆಂದು ಆಯಿ ಹೋಳಿಗೆ ಮಾಡಿದಳು.

ಹೊಳೆ ಇಳಿದ ಮೇಲೆ ಸಸಿ ಇದ್ದ ಜಾಗದಿಂದಲೇ ಟ್ರ್ಯಾಕ್ಟರುಗಳು ಇಳಿದವು. ಆಯಿ ಅಡ್ಡ ನಿಂತಳು. ನಿನ್ನ ಹೆಸರಿನ ಕಾಗದ ತೋರಿಸು ಎಂದು ಅದೇ ಮಾಲೀಕ ನಕ್ಕ. ಟ್ರ್ಯಾಕ್ಟರಿನವರು ಉಸುಕು ಹೊತ್ತೊಯ್ದು ಉಳಿಸಿದ ನೆಲದಲ್ಲಿ ಆಯಿ ಕುಣಿ ತೋಡಿದರೆ ಕೈಗೆ ಸಿಕ್ಕಿದ್ದು ಜಿಗುಟು ಮಣ್ಣು. ಬೀಜ ಕೊಳೆತವು. ಉಳಿದ ಬೀಜ ಸೆರಗಿನಲ್ಲಿ ಇಟ್ಟುಕೊಂಡು ದಂಡೆಯ ಮೇಲೆ ಬಹಳ ಹೊತ್ತು ಕುಳಿತಳು. ಆಮೇಲೆ ನನ್ನನ್ನು ಕೊನೆಯ ಸಲ ವಿಚಾರಿಸಿದಳು.

"ಆ ಸಿಸ್ಟರ್ ಹೋಗೂ ಮುಂದ ಏನರ ಒಯ್ದಳೇನ?"

"ಒಂದ್ ಟ್ರಂಕ್ ಆಯಿ. ಮತ್ತ ಆ ಸಸಿ."



ಈಗ ನಾನು ಜೇವರ್ಗಿಯಲ್ಲಿದ್ದೇನೆ. ರಸ್ತೆ ಬದಿ ರಾಶಿ ಹಾಕಿದ ಕಲ್ಲಂಗಡಿ ಕೊಳ್ಳುವಾಗ ಸೂಜಿಯಿಂದ ಬಣ್ಣ ಹಾಕಿದ್ದಾರೇನೋ ಎಂದು ತಿರುಗಿಸಿ ತಿರುಗಿಸಿ ನೋಡುತ್ತೇನೆ. ಆಯಿ ಹೋದಳು, ಉಸುಕು ಹೋಯಿತು, ನನ್ನ ಪಾಲಿಗೆ ಬಂದ ಆಸ್ತಿ ಆಕೆಯ ಸಂಶಯ ಒಂದೇ. ಒರತೆ ಎಂದರೇನು ಎಂದು ಮಗಳು ಕೇಳಿದರೆ ತೋರಿಸಲು ಜಾಗವಿಲ್ಲ. ಹಾಗೆಂದು ಆಯಿಯನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಗಿಡ ಹಚ್ಚಿದವರ ಮೇಲೆ ಕಣ್ಣಿಡು ಎಂದು ಆಕೆಗೆ ಊರೇ ಕಲಿಸಿತ್ತು. ಟ್ರ್ಯಾಕ್ಟರಿನವನು ತನ್ನ ಜನ್ಮದಲ್ಲಿ ಒಂದು ಗಿಡವನ್ನೂ ಹಚ್ಚಲಿಲ್ಲ. ಅವನ ಮೇಲೆ ಯಾರಿಗೂ ಸಂಶಯ ಬರಲಿಲ್ಲ.