ಪುಕ್ಕಟೆ ನೆಟ್ಟಿನಲ್ಲಿ ಹೋದ ಕಸ್ತೂರಿ

ಬನಹಟ್ಟಿಗೆ ಬಂದ ಮೊದಲ ಬೆಳಿಗ್ಗೆ ಭೂಮಿ ನಡುಗುತ್ತಿದೆಯೆಂದು ಚಾಪೆಯಿಂದೆದ್ದು ಬೀದಿಗೆ ಓಡಿದ್ದೆ. ಪಕ್ಕದ ಮನೆಯ ಕಸ್ತೂರಿ ಬಾಗಿಲಲ್ಲಿ ಹಲ್ಲುಜ್ಜುತ್ತಿದ್ದಳು. “ಪವರ್‌ಲೂಮ್ ಬೇ ಅದು, ಅಂಜಬ್ಯಾಡ,” ಎಂದಳು. ಕೊಳ್ಳೇಗಾಲದವಳಾದ ನನಗೆ ಆ ‘ಬೇ’ ಬೈಗುಳದಂತೆ ಕೇಳಿಸಿತು. ಇಲ್ಲಿ ಹೆತ್ತ ತಾಯಿಯನ್ನೂ ಹಾಗೇ ಮಾತಾಡಿಸುತ್ತಾರೆಂದು ತಿಳಿಯಲು ತಿಂಗಳುಗಳೇ ಹಿಡಿದವು.

ಗಂಡನಿಗೆ ಇಲ್ಲಿ ಮಗ್ಗ ರಿಪೇರಿಯ ಕೆಲಸ. ನಮ್ಮ ಕಡೆಯ ರೇಷ್ಮೆ ಕೈಮಗ್ಗ ಮಾತಿಗೆ ಎಡೆ ಕೊಡುತ್ತದೆ. ಇಲ್ಲಿ ಕರೆಂಟು ಹೋದಾಗಲೇ ಮಾತು. ಮುದ್ದೆ ನುಂಗುತ್ತಿದ್ದ ಗಂಟಲಿಗೆ ಜೋಳದ ರೊಟ್ಟಿ ಇಳಿಯುತ್ತಿರಲಿಲ್ಲ. ಕಸ್ತೂರಿಯೇ ರೊಟ್ಟಿ ಬಡಿಯಲು ಕಲಿಸಿದಳು. ಗುರೆಳ್ಳು ಹಿಂಡಿ, ಅಂದರೆ ನಮ್ಮ ಚಟ್ನಿಪುಡಿ, ತಂದುಕೊಟ್ಟಳು. ತಾನು ದುಡಿಯುವ ಶೆಡ್ಡಿನಲ್ಲಿ ನೂಲು ಸುತ್ತುವ ಕೆಲಸಕ್ಕೂ ಸೇರಿಸಿದಳು.

ಆಗಲೇ ಮೊಬೈಲ್ ಕಂಪನಿಯವರು ಓಣಿಯ ತುದಿಯಲ್ಲಿ ಕೊಡೆ ಹಾಕಿಕೊಂಡು ಸಿಮ್ ಹಂಚಿದ್ದು. ಕೆಲವು ತಿಂಗಳು ಡೇಟಾ ಪುಕ್ಕಟೆ, ನಮ್ಮ ಬಾಯಲ್ಲಿ ಬಿಟ್ಟಿ. ಊರಿನ ನೆನಪಿಗೆ ಸೊರಗಿದ್ದ ನಾನು ದಿನಾ ಅವ್ವನ ಮುಖ ನೋಡುವಂತಾಯಿತು. ಕಸ್ತೂರಿ ಬೀಳಗಿಯಲ್ಲಿದ್ದ ತನ್ನ ತಾಯಿಗೂ ಒಂದು ಫೋನು ಕಳಿಸಿದಳು. ಇಬ್ಬರೂ ಗೆದ್ದವರಂತೆ ಓಡಾಡಿದೆವು.

ಒಂದು ಮಧ್ಯಾಹ್ನ ಹರಿದ ಎಳೆ ಕಟ್ಟಲು ಬಗ್ಗಿದ ಕಸ್ತೂರಿಯ ಸೆರಗು ಮಗ್ಗದ ಬೆಲ್ಟಿಗೆ ಸಿಕ್ಕಿತು. ಹಿಂದೆಯೇ ಜಡೆ. ನಾನು ಸ್ವಿಚ್ಚಿನತ್ತ ಓಡಿದೆ. ಬಾಗಿಲಿಂದ ನುಗ್ಗಿದ ಜನ ಅಡ್ಡ ನಿಂತಿದ್ದರು, ಕೈಗಳಲ್ಲಿ ಫೋನು. ವಿಡಿಯೊ ಮಾಡುತ್ತಿದ್ದ ಒಬ್ಬನನ್ನು ತಳ್ಳಿದೆ. “ಅಡ್ಡ ಬರಬ್ಯಾಡ, ಆಕಡೆ ಸರಿ,” ಎಂದ. ಮಗ್ಗ ನಿಂತಾಗ ಅವಳು ಕೂಗುವುದೂ ನಿಂತಿತ್ತು.

ಜಮಖಂಡಿಯ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಳು. ಆಟೊದಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ನನ್ನ ಫೋನು ಮತ್ತೆ ಮತ್ತೆ ಟಿಣ್ ಅನ್ನುತ್ತಿತ್ತು. ಆಸ್ಪತ್ರೆಯ ಕಟ್ಟೆಯ ಮೇಲೆ ಕೂತು ತೆರೆದರೆ ಅದೇ ವಿಡಿಯೊ. ಅವಳ ತಾಯಿಗೆ ಹೇಗೆ ತಿಳಿಸುವುದೆಂದು ಶೆಡ್ಡಿನಿಂದ ಬಂದ ನಾವು ಮಾತಾಡಿಕೊಳ್ಳುತ್ತಿರುವಾಗ ಆಕೆಯೇ ಫೋನು ಮಾಡಿದಳು.

“ಫೋನಿನ್ಯಾಗ ಒಬ್ಬಾಕಿ ಮಗ್ಗಕ್ಕ ಸಿಕ್ಕಾಳ. ನಮ್ಮ ಕಸ್ತೂರಿ ಹಂಗ ಕಾಣತಾಳ. ಹೌದೇನವ್ವಾ?”

ಹೂಂ ಎಂದೆ.

ಮಣ್ಣಾದ ಮೇಲೆ ವಿಡಿಯೊ ಮಾಡಿದವನನ್ನು ಹಿಡಿದು ಕೇಳಿದೆ. ಅವನಿಗೆ ನಾಚಿಕೆಯಾದಂತೆ ಕಾಣಲಿಲ್ಲ. ಮಂದಿ ನೋಡಿ ಹುಷಾರಾಗಲೆಂದು ಹಾಕಿದೆನೆಂದ. “ಕಳಸಾಕ ರೊಕ್ಕೇನ ಹೋಗೂದಿಲ್ಲಲ್ರೀ,” ಎಂದ.

ಹಬ್ಬಕ್ಕೆ ಕೊಳ್ಳೇಗಾಲಕ್ಕೆ ಹೋದೆ. ಊಟದ ನಡುವೆ ತಂಗಿಯ ಗಂಡ ಫೋನು ಚಾಚಿ, ನಿಮ್ಮ ಕಡೆಯದಂತೆ, ನೋಡಿದಿರಾ ಎಂದು ಕೇಳಿದ. ಯಾರೋ ಅದಕ್ಕೊಂದು ಹಾಡು ಜೋಡಿಸಿದ್ದರು. “ಬಂದ್ ಮಾಡ್ರಿ ಅದನ್ನ,” ಎಂದೆ. ನನ್ನ ಮಾತಿನ ಧಾಟಿಗೆ ಎಲ್ಲರೂ ನಕ್ಕರು, ಅವ್ವನೂ ನಕ್ಕಳು. ನನ್ನ ಕಣ್ಣು ನೋಡಿದ ಮೇಲೆ ಅವಳ ನಗು ಆರಿತು. ಯಾರು ಆ ಹೆಂಗಸು, ಗೊತ್ತಿರುವವಳೇ ಎಂದು ಕೇಳಿದಳು.

“ನಮ್ಮೂರಾಕಿ,” ಎಂದೆ.

ಆ ಮನೆಯಲ್ಲಿ ನಮ್ಮೂರೆಂದರೆ ಕೊಳ್ಳೇಗಾಲ. ಅವ್ವ ಎಂಜಲುಗೈಯಲ್ಲೇ ನನ್ನನ್ನು ನೋಡುತ್ತ ಕೂತಳು.