ಅಕ್ಕನ ಬಾಯಿ, ಬೇರೆಯವಳ ದನಿ

ಅವನನ್ನು ಎಲ್ಲರೂ ಪೆಟ್ಟಿಗೆ ಮಾಸ್ತರು ಎಂದೇ ಕರೆಯುತ್ತಿದ್ದರು. ಮೂಕಿ ಚಿತ್ರಗಳ ಕಾಲದಲ್ಲಿ ಪರದೆಯ ಕೆಳಗೆ ಕುಳಿತು, ಕತ್ತು ನೋಯುವಷ್ಟು ಮೇಲೆ ನೋಡುತ್ತಾ, ಕುದುರೆ ಓಡಿದರೆ ಸ್ವರ ಓಡಿಸಿ, ನಾಯಕಿ ಅತ್ತರೆ ಅಳಿಸಿ ಹಾರ್ಮೋನಿಯಂ ಪೆಟ್ಟಿಗೆ ನುಡಿಸುತ್ತಿದ್ದವನು. ಬೆರಳು ಅವನದಾದರೂ ಕಿವಿ ಅಕ್ಕನದು. ಅಪ್ಪ ಅಮ್ಮ ಹೋದ ಮೇಲೆ ನಾಟಕ ಕಂಪನಿಯಲ್ಲಿ ಹಾಡಿ ತಮ್ಮನನ್ನು ಸಾಕಿದವಳು ಅವಳು. ಹೊಸ ರಾಗ ಏನು ಹಾಕಿದರೂ ಮೊದಲು ಅವಳ ಮುಂದೆ ನುಡಿಸಬೇಕು. ಒಲೆಯ ಮುಂದೆ ಕೂತೇ ಅವಳು, "ಅಲ್ಲಿ ಯಾಕೋ ಹಾಗೆ ಓಡ್ತೀಯಾ? ಯಾರಾದ್ರೂ ಅಟ್ಟಿಸ್ಕೊಂಡು ಬಂದ್ರಾ? ಸ್ವಲ್ಪ ನಿಂತ್ಕೊ" ಎನ್ನುವಳು. ನಿಂತರೆ ಹಾಡು ಹಾಡಾಗುತ್ತಿತ್ತು.

ಮಾತಾಡುವ ಚಿತ್ರ ಬಂದಾಗ ಇಬ್ಬರಿಗೂ ಕೆಲಸ ಸಿಕ್ಕಿತು. ಅವಳು ನಾಯಕಿ, ಅವನು ಸಂಗೀತ ನಿರ್ದೇಶಕ. ಆಗ ಹಾಡನ್ನೂ ನಟನೆಯ ಜೊತೆಗೇ ಹಿಡಿಯಬೇಕಿತ್ತು. ಅಕ್ಕ ಕಿಟಕಿಯ ಬಳಿ ನಿಂತು ಹಾಡಿದರೆ, ತಮ್ಮ ರಟ್ಟಿನ ಗೋಡೆಯ ಹಿಂದೆ ಮುದುರಿಕೊಂಡು ನುಡಿಸುತ್ತಿದ್ದ. ತಬಲದವನು ಮಂಚದ ಕೆಳಗೆ. ಒಮ್ಮೆ ಅವನು ಸೀನಿದ್ದಕ್ಕೆ ಇಡೀ ದೃಶ್ಯವನ್ನು ಮತ್ತೆ ತೆಗೆದರು. "ಪಾಪ, ಹಾಸಿಗೆಗೆ ನೆಗಡಿ" ಎಂದು ಅಕ್ಕ ನಕ್ಕು ನಕ್ಕು ಸುಸ್ತಾದಳು.

ಆದರೆ ಅವಳದು ನಾಟಕದ ಡೇರೆಯ ಕೊನೆಯ ಸಾಲಿಗೂ ಮುಟ್ಟುವಂತೆ ಹಾಡಿ ಪಳಗಿದ ಗಂಟಲು. ಚಿತ್ರ ಮುಗಿದ ಮೇಲೆ ಕಂಪನಿಯ ಯಜಮಾನರು ಹಾಕಿಸಿ ಕೇಳಿದರೆ, ಮೇಲಿನ ಸ್ವರ ಬಂದಲ್ಲೆಲ್ಲ ಮೈಕು ತಾಳದೆ ದನಿ ಒಡೆದು ಕರಕರ ಎನ್ನುತ್ತಿತ್ತು.

"ಬೇರೆ ಹುಡುಗಿ ಹತ್ರ ಹಾಡ್ಸಿ ಸೇರಿಸ್ಬಿಡಿ ಮಾಸ್ತರೇ. ಮುಖ ಅವರದೇ ಇರ್ಲಿ."

"ಅಕ್ಕನಿಗೆ ಒಂದು ಮಾತು..."

"ನೀವೇ ಹೇಳಿ. ಆಗಲ್ಲ ಅಂದ್ರೆ ಬೇರೆ ಮಾಸ್ತರು ಇದ್ದಾರೆ."

ಮನೆಯ ದಾರಿಯುದ್ದಕ್ಕೂ ಅವನು ಮಾತು ಜೋಡಿಸಿಕೊಂಡ. ಬಾಗಿಲಲ್ಲೇ ಅಕ್ಕ, "ಹೇಗೆ ಬಂದಿದೆಯೋ ನನ್ನ ಹಾಡು?" ಎಂದಾಗ, "ಚೆನ್ನಾಗಿದೆ" ಎಂದುಬಿಟ್ಟ. ನಾಳೆ ಹೇಳೋಣವೆಂದುಕೊಂಡ. ನಾಳೆ ನಾಳೆ ಎನ್ನುತ್ತಿರುವಾಗಲೇ ಹೊಸ ಹುಡುಗಿ ಪರದೆಯ ಮೇಲಿನ ಅಕ್ಕನ ತುಟಿ ನೋಡಿಕೊಂಡು ಹಾಡಿ ಮುಗಿಸಿದಳು. ಚಿತ್ರವೂ ಬಿಡುಗಡೆಯಾಯಿತು.

ಮೊದಲ ಆಟಕ್ಕೆ ಅಕ್ಕ ಇದ್ದುದರಲ್ಲೇ ಒಳ್ಳೆಯ ಸೀರೆ ಉಟ್ಟು ಹೋದಳು. ಪರದೆಯ ಮೇಲೆ ಅವಳ ಬಾಯಿ ತೆರೆಯಿತು. ಎಳೆಯದೊಂದು ನುಣುಪಾದ ದನಿ ಹೊರಬಂತು. ಜನ ಚಪ್ಪಾಳೆ ತಟ್ಟಿದರು. ಅಕ್ಕನೂ ತಟ್ಟಿದಳು. ಹೊರಬರುವಾಗ ಯಾರೋ ಅವಳ ಕೈ ಹಿಡಿದು, "ಎಂಥ ಕಂಠ ನಿಮ್ದು!" ಎಂದರು. ಅವಳು ನಕ್ಕು ತಲೆಯಾಡಿಸಿದಳು.

ಮನೆಗೆ ಬಂದ ಮೇಲೆ ಕೇಳಿದ್ದು ಇಷ್ಟೇ: "ನನ್ನ ದನಿ ಹೋದ್ರೆ ಹೋಗ್ಲಿ. ನಿನ್ನ ಬಾಯಿಗೆ ಏನಾಗಿತ್ತೋ?"

ಅಂದಿನಿಂದ ಅವಳು ನಟಿಸಲಿಲ್ಲ, ಮನೆಯಲ್ಲಿ ಗುನುಗಲೂ ಇಲ್ಲ. ಅವನು ಪೆಟ್ಟಿಗೆ ತೆರೆದರೆ ಎದ್ದು ಹೋಗುತ್ತಿದ್ದಳು. ಇತ್ತ ಅವನ ಹೆಸರು ಮನೆಮಾತಾಯಿತು, ಚಿತ್ರದ ಮೇಲೆ ಚಿತ್ರ ಬಂದವು. ಆದರೆ ರಾಗಗಳು ಮತ್ತೆ ಓಡತೊಡಗಿದ್ದವು. ಎಲ್ಲಿ ನಿಲ್ಲಬೇಕೆಂದು ಅವನಿಗೇ ತಿಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಆ ಹಾಡುವ ಹುಡುಗಿ ಮನೆಗೇ ಬಂದು ಅಕ್ಕನ ಮುಂದೆ ಕೂತಳು. "ತಪ್ಪು ನಂದಲ್ಲಮ್ಮಾ, ಆದ್ರೂ ಮನಸ್ಸಿಗೆ ಸಮಾಧಾನ ಇಲ್ಲ. ನಂಗೆ ಕಲಿಸಿ." ಅಕ್ಕ ಎದ್ದು ಅವಳನ್ನು ಕೋಣೆಯೊಳಕ್ಕೆ ಕರೆದು ಬಾಗಿಲು ಹಾಕಿಕೊಂಡಳು. ತಮ್ಮ ಹೊರಗುಳಿದ.

ಮುಂದಿನ ಚಿತ್ರಕ್ಕೆ ಹಾಡುವಾಗ ಹುಡುಗಿ ಒಂದು ಸಾಲನ್ನು ಅವನು ಹೇಳಿಕೊಟ್ಟಂತೆ ಹಾಡಲಿಲ್ಲ. ನಡುವೆ ತಡೆದು, ಉಸಿರು ಬಿಟ್ಟು, ಮೆಲ್ಲಗೆ ಕೆಳಗಿಳಿದಳು. ಅವನ ಬೆರಳು ನಿಂತೇಹೋದವು. ತಿದ್ದಿದವರು ಯಾರೆಂದು ಕೇಳಬೇಕಾಗಿರಲಿಲ್ಲ. "ಹಾಗೇ ಇರ್ಲಿ" ಎಂದ.

ವರ್ಷಗಟ್ಟಲೆ ಹೀಗೇ ನಡೆಯಿತು. ಅವನ ರಾಗ ಹುಡುಗಿಯ ಬಾಯಲ್ಲಿ ಅವನ ಮನೆಗೇ ಹೋಗಿ, ತಿದ್ದಿಸಿಕೊಂಡು ವಾಪಸ್ ಬರುತ್ತಿತ್ತು. ಒಂದೇ ಸೂರಿನಡಿ ಅಕ್ಕ ತಮ್ಮ ಊಟ, ಔಷಧಿ, ಸೋರುವ ನಲ್ಲಿ ಎಲ್ಲದರ ಬಗ್ಗೆಯೂ ಮಾತಾಡುತ್ತಿದ್ದರು, ಸಂಗೀತವೊಂದನ್ನು ಬಿಟ್ಟು. ಪರದೆಯ ಮೇಲೆ ಅವನೊಬ್ಬನ ಹೆಸರೇ ಬರುತ್ತಿತ್ತು. ಅಕ್ಕನ ಹೆಸರನ್ನೂ ಹಾಕಿಸಬೇಕೆಂದು ಯಜಮಾನರ ಕೋಣೆಯ ತನಕ ಹೋಗಿ ಎಷ್ಟೋ ಸಲ ಹಿಂದಿರುಗಿದ್ದ.

ಅಕ್ಕ ಹಾಸಿಗೆ ಹಿಡಿದಾಗ ಕೊನೆಗೂ ಬಾಯಿಬಿಟ್ಟ. "ಅವತ್ತೇ ಹೇಳ್ಬೇಕಿತ್ತು ಅಕ್ಕಾ."

"ಹೂಂ, ಹೇಳ್ಬೇಕಿತ್ತು" ಎಂದಳು. ಆಮೇಲೆ ದಿಂಬು ಸರಿಮಾಡು ಎಂದಳು.

ಅವಳು ಹೋದ ಮೇಲೆ ಯಜಮಾನರು ಹೊಸ ಚಿತ್ರಕ್ಕೆ ಕರೆಯಲು ತಾವೇ ಬಂದರು. ಅವರನ್ನು ಕೂರಿಸಿ, ಕುಡಿಯಲು ನೀರು ಕೊಟ್ಟು, "ರಾಗ ಹಾಕೋದೇನು ದೊಡ್ಡದಲ್ಲ ಸಾರ್. ತಿದ್ದೋರಿಲ್ಲ" ಎಂದ. ಅವರಿಗೆ ಅರ್ಥವಾಗಲಿಲ್ಲ. ಮಾಸ್ತರಿಗೂ ವಯಸ್ಸಾಯಿತು ಎಂದುಕೊಂಡು ಎದ್ದು ಹೋದರು.